ಸಣ್ಣವನ ಲೆಕ್ಕ ತೆರೆದದ್ದಾಯಿತು, ದೊಡ್ಡವನದು ಎಂದು?

ಸಣ್ಣ ವ್ಯಾಪಾರಿಗೆ ಬ್ಯಾಂಕು ಸಾಲ ಕೊಡುವುದಿಲ್ಲವೇಕೆ ಎಂದು ಕೇಳಿದರೆ ಹಲವು ದಶಕಗಳಿಂದ ಬರುತ್ತಿರುವ ಉತ್ತರ ಒಂದೇ: "ಅವನ ಹತ್ತಿರ ಲೆಕ್ಕವಿಲ್ಲ." ಈ ಉತ್ತರದಲ್ಲಿ ಒಂದು ಕಾಲಕ್ಕೆ ಸತ್ಯಾಂಶವಿತ್ತು. ಗಲ್ಲಾಪೆಟ್ಟಿಗೆಯೇ ಅವನ ಬ್ಯಾಂಕು, ಗೋಡೆಯ ಕ್ಯಾಲೆಂಡರೇ ಅವನ ಖಾತೆಪುಸ್ತಕ. ಎಷ್ಟು ಬಂತು, ಎಷ್ಟು ಹೋಯಿತು ಎಂಬುದು ಅವನ ತಲೆಯಲ್ಲಿತ್ತೇ ಹೊರತು ಕಾಗದದ ಮೇಲೆ ಇರಲಿಲ್ಲ. ತಲೆಯಲ್ಲಿರುವ ಲೆಕ್ಕವನ್ನು ನಂಬಿ ಯಾವ ಮ್ಯಾನೇಜರನೂ ಸಹಿ ಹಾಕಲಾರ. ಹಾಕಿದರೆ ಆಡಿಟಿನವರು ಅವನನ್ನು ಬಿಡಲಾರರು. ಕಡತಗಳ ನಡುವೆಯೇ ಬದುಕುವ ನನ್ನಂಥ ಗುಮಾಸ್ತ ಇಷ್ಟನ್ನು ಒಪ್ಪಲೇಬೇಕು.

ಆದರೆ ಇಂದು ಆ ಉತ್ತರ ಹಳಸಿದೆ. ಮಾಟುಂಗದ ಫುಟ್‌ಪಾತಿನ ಮೇಲೆ ಹೂವು ಕಟ್ಟಿ ಮಾರುವವಳ ಬುಟ್ಟಿಯ ಪಕ್ಕದಲ್ಲಿಯೂ ಕ್ಯೂಆರ್ ಫಲಕವಿದೆ. 2016ರಲ್ಲಿ ಯುಪಿಐ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. 2020ರ ಜುಲೈ 1ರಿಂದ ಕಿರು ಉದ್ದಿಮೆಗಳಿಗೆ ಉದ್ಯಮ್ ನೋಂದಣಿ ಬಂತು. ಹತ್ತು ರೂಪಾಯಿಯ ಚಹಾ ಕುಡಿದವನ ಹತ್ತು ರೂಪಾಯಿಗೂ ಈಗ ದಿನ, ಗಂಟೆ, ನಿಮಿಷಗಳ ದಾಖಲೆಯಿದೆ. ಕೋಟ್ಯಧಿಪತಿಯ ಸಂಸಾರದ ಖರ್ಚಿಗೂ ಇಲ್ಲದಷ್ಟು ಕಟ್ಟುನಿಟ್ಟಾದ ಲೆಕ್ಕ ಇಂದು ಗೂಡಂಗಡಿಯವನ ಬಳಿ ಇದೆ. ಹೀಗಿದ್ದೂ "ಲೆಕ್ಕವಿಲ್ಲ" ಎಂದು ಅವನನ್ನು ಹೊರಗೆ ಕಳುಹಿಸುವುದು ನ್ಯಾಯವೇ?

ಈ ಲೆಕ್ಕವನ್ನು ಸಾಲ ಕೊಡುವವನಿಗೆ ಮುಟ್ಟಿಸುವ ದಾರಿಯೂ ನಮ್ಮ ದೇಶದಲ್ಲಿ ಸಿದ್ಧವಾಗಿದೆ. ಅದರ ಹೆಸರು ಅಕೌಂಟ್ ಅಗ್ರಿಗೇಟರ್. ಹೆಸರು ಬಾಯಿಗೆ ಭಾರವಾದರೂ ಕೆಲಸ ಸರಳವಾದುದು. ನಮ್ಮ ಅಂಚೆಯವನನ್ನು ನೆನೆಸಿಕೊಂಡರೆ ಸಾಕು. ನಿಮ್ಮ ಖಾತೆಯ ವಿವರ ಒಂದು ಬ್ಯಾಂಕಿನಲ್ಲಿದೆ; ನೀವು ಸಾಲ ಕೇಳಿರುವುದು ಇನ್ನೊಂದು ಬ್ಯಾಂಕಿನಲ್ಲಿ. ನೀವು ಒಪ್ಪಿಗೆ ಕೊಟ್ಟರೆ ಈ ಅಂಚೆಯವನು ಮೊದಲನೆಯ ಬ್ಯಾಂಕಿನಿಂದ ಲಕೋಟೆ ತೆಗೆದುಕೊಂಡು ಎರಡನೆಯದಕ್ಕೆ ಒಯ್ಯುತ್ತಾನೆ. ಲಕೋಟೆಯನ್ನು ಅವನು ಒಡೆದು ಓದುವಂತಿಲ್ಲ, ತನ್ನಲ್ಲಿ ಇರಿಸಿಕೊಳ್ಳುವಂತಿಲ್ಲ. ಯಾವ ಉದ್ದೇಶಕ್ಕೆ, ಎಷ್ಟು ಅವಧಿಗೆ, ಯಾವ ವಿವರ ಎಂಬುದನ್ನು ಒಪ್ಪಿಗೆಯಲ್ಲಿ ಬರೆದಿರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂ ಅವಕಾಶವಿದೆ. ರಿಸರ್ವ್ ಬ್ಯಾಂಕು ಇದರ ನಿಯಮಗಳನ್ನು 2016ರಲ್ಲಿ ಹೊರಡಿಸಿತು. 2021ರ ಸೆಪ್ಟೆಂಬರಿನಲ್ಲಿ ಇದು ಬಳಕೆಗೆ ಬಂತು. 2022ರ ನವೆಂಬರಿನಲ್ಲಿ ಜಿಎಸ್‌ಟಿಯ ವಿವರಗಳನ್ನೂ ಇದೇ ದಾರಿಯಲ್ಲಿ ಕಳುಹಿಸಲು ಅನುಮತಿ ದೊರೆಯಿತು. ಇದರ ಜೊತೆಗೆ, ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕಿನದೇ ಅಂಗಸಂಸ್ಥೆಯೊಂದು ಬೇರೆ ಬೇರೆ ಕಡೆಯ ದಾಖಲೆಗಳನ್ನು ಸಾಲದ ಅರ್ಜಿಗೆ ಜೋಡಿಸುವ ವ್ಯವಸ್ಥೆಯನ್ನು 2023ರ ಆಗಸ್ಟಿನಲ್ಲಿ ಪ್ರಯೋಗಕ್ಕೆ ತಂದಿತು. ಮರುವರ್ಷ ಅದಕ್ಕೆ ಯುಎಲ್‌ಐ ಎಂದು ಹೆಸರಾಯಿತು.

ಇಷ್ಟೆಲ್ಲ ಓದಿದ ಮೇಲೆ "ಸರಿ, ಹಾಗಾದರೆ ಬಾಗಿಲು ತೆರೆಯಿತು" ಎಂದು ಯಾರಿಗಾದರೂ ತೋರಬಹುದು. ಯು.ಕೆ. ಸಿನ್ಹಾ ಅವರ ಅಧ್ಯಕ್ಷತೆಯಲ್ಲಿ ರಿಸರ್ವ್ ಬ್ಯಾಂಕು ನೇಮಿಸಿದ್ದ ಸಮಿತಿ 2019ರಲ್ಲಿ ಕೊಟ್ಟ ವರದಿಯ ಪ್ರಕಾರ, ನಮ್ಮ ಸಣ್ಣ ಉದ್ದಿಮೆಗಳಿಗೆ ಬೇಕಾದ ಸಾಲಕ್ಕೂ ಸಿಗುತ್ತಿದ್ದ ಸಾಲಕ್ಕೂ ನಡುವಿನ ಕಂದರ 20ರಿಂದ 25 ಲಕ್ಷ ಕೋಟಿ ರೂಪಾಯಿ. ಆ ಬಳಿಕ ಸಾಲದ ಮೊತ್ತ ಬೆಳೆದಿದೆ, ಸುಳ್ಳಲ್ಲ. ಆದರೆ ಅಂಗಡಿಯವನು ತನ್ನ ಲೆಕ್ಕದ ಮೊದಲ ಫಲವನ್ನು ಯಾವ ರೂಪದಲ್ಲಿ ಕಂಡ ಎಂಬುದನ್ನು ತಿಳಿಯಬೇಕಾದರೆ ನಮ್ಮ ತವರು ರಾಜ್ಯದ ಕಡೆಗೇ ನೋಡಬೇಕು.

2025ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಹೋಯಿತು. ಹಿಂದಿನ ಕೆಲವು ವರ್ಷಗಳಲ್ಲಿ ಯುಪಿಐ ಮೂಲಕ ಅವರಿಗೆ ಬಂದ ಹಣವನ್ನು ಕೂಡಿಸಿ, ಸರಕಿನ ವ್ಯಾಪಾರಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಗಳ ಮಿತಿ ದಾಟಿದೆ, ನೋಂದಣಿ ಏಕಿಲ್ಲ, ತೆರಿಗೆ ಏಕಿಲ್ಲ ಎಂದು ಕೇಳಲಾಯಿತು. ಹಾಲು, ತರಕಾರಿಯಂತಹ ತೆರಿಗೆಯೇ ಇಲ್ಲದ ಪದಾರ್ಥ ಮಾರುವವರಿಗೂ ನೋಟೀಸು ತಲುಪಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಕೆಳಗಿಳಿದು "ನಗದು ಮಾತ್ರ" ಎಂಬ ಬರಹ ಮೇಲೇರಿತು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆಸಿ ಸಮಾಧಾನ ಹೇಳಬೇಕಾಯಿತು.

ತೆರಿಗೆ ಕೇಳಬಾರದೆಂದು ನಾನು ಹೇಳುತ್ತಿಲ್ಲ. ಸರಕಾರದ ಸಂಬಳ ತಿನ್ನುವವನು ಹಾಗೆ ಹೇಳಿದರೆ ಕುಳಿತ ಕೊಂಬೆಯನ್ನೇ ಕಡಿದಂತಾದೀತು. ನಾನು ಕೇಳುವುದು ಬೇರೆ. ನೋಟೀಸು ಕಳುಹಿಸಲು ಸಾಕಾದ ಲೆಕ್ಕ ಸಾಲ ಮಂಜೂರು ಮಾಡಲು ಏಕೆ ಸಾಲದು? ನಲವತ್ತು ಲಕ್ಷದ ವಹಿವಾಟು ಮಾಡಿದ್ದಾನೆ ಎಂದು ತೆರಿಗೆಯ ಮೇಜು ನಂಬುತ್ತದೆ. ಅದೇ ಮನುಷ್ಯ ಎರಡು ಲಕ್ಷ ಸಾಲ ಕೇಳಿದರೆ ಸಾಲದ ಮೇಜು ನಂಬುವುದಿಲ್ಲ. ಮನೆಪತ್ರ ತಾ, ಜಾಮೀನುದಾರನನ್ನು ತಾ ಎನ್ನುತ್ತದೆ. ಬಿಎಸ್ಸಿ ಓದುವಾಗ ಪ್ರಯೋಗಶಾಲೆಯಲ್ಲಿ ಡಯೋಡು ಎಂಬ ಒಂದು ಸಣ್ಣ ಸಾಧನವನ್ನು ನಮ್ಮ ಕೈಗೆ ಕೊಡುತ್ತಿದ್ದರು. ವಿದ್ಯುತ್ತು ಅದರಲ್ಲಿ ಒಂದು ದಿಕ್ಕಿಗೆ ಸಲೀಸಾಗಿ ಹರಿಯುತ್ತದೆ. ತಿರುಗಿಸಿ ಜೋಡಿಸಿದರೆ ಹರಿಯುವುದಿಲ್ಲ. ನಮ್ಮ ದೇಶದ ಮಾಹಿತಿಯ ಹಂಚಿಕೆ ಇಂದು ಅಂತಹ ಒಂದು ಡಯೋಡು. ಸಣ್ಣವನಿಂದ ದೊಡ್ಡವನ ಕಡೆಗೆ ಹರಿಯುತ್ತದೆ. ದೊಡ್ಡವನಿಂದ ಸಣ್ಣವನ ಕಡೆಗೆ ಹನಿಯೂ ಬಾರದು.

ಇದನ್ನು ಕಂಡು ನಮ್ಮ ನಡುವೆಯೇ ಕೆಲವರು ಹೇಳುವುದುಂಟು: "ಯಾರಿಗೂ ಏನನ್ನೂ ತೋರಿಸಬೇಡಿ. ನಗದಿಗೇ ಹಿಂತಿರುಗಿ. ನಮ್ಮ ಹಿರಿಯರು ಯಾವ ಮೊಬೈಲು ಹಿಡಿದು ಹೋಟೆಲು ಕಟ್ಟಿದರು?" ಸಂಘದ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ಕುಳಿತು ಈ ಮಾತನ್ನು ಹೇಳಿದರೆ ಚಪ್ಪಾಳೆ ಬೀಳುತ್ತದೆ. ಆದರೆ ಇದು ತಪ್ಪು ವಾದ, ಅಪಾಯದ ವಾದ ಕೂಡ.

ಮೊದಲನೆಯದಾಗಿ, ಬೆಂಗಳೂರಿನ ನೋಟೀಸುಗಳಿಗೆ ಆಧಾರವಾದ ಮಾಹಿತಿ ವ್ಯಾಪಾರಿಯ ಒಪ್ಪಿಗೆಯ ದಾರಿಯಲ್ಲಿ ಹೋದದ್ದಲ್ಲ. ತೆರಿಗೆಯ ಕಾನೂನು ಕೊಟ್ಟ ಅಧಿಕಾರದ ದಾರಿಯಲ್ಲಿ ಹೋದದ್ದು. ನೀವು ಒಪ್ಪಿಗೆ ಕೊಡದಿದ್ದರೂ ಆ ದಾರಿ ಇದ್ದೇ ಇರುತ್ತದೆ. ಒಪ್ಪಿಗೆಯ ದಾರಿಯನ್ನು ಮುಚ್ಚಿಕೊಂಡರೆ ನೋಟೀಸು ತಪ್ಪುವುದಿಲ್ಲ; ತಪ್ಪುವುದು ಸಾಲ ಮಾತ್ರ. ಎರಡನೆಯದಾಗಿ, ಬ್ಯಾಂಕು ಕೈಬಿಟ್ಟವನು ಹೋಗುವುದೆಲ್ಲಿಗೆ? ಬೆಳಿಗ್ಗೆ ಕೊಟ್ಟು ಸಂಜೆಗೆ ಬಡ್ಡಿ ಸೇರಿಸಿ ಕೀಳುವವನ ಬಳಿಗೆ. ಅವನಿಗೆ ಯಾವ ದಾಖಲೆಯೂ ಬೇಡ, ಏಕೆಂದರೆ ಅವನ ಬಡ್ಡಿಗೆ ಯಾವ ದಾಖಲೆಯೂ ಇರುವುದಿಲ್ಲ. ನಗದಿನ ಕತ್ತಲು ವ್ಯಾಪಾರಿಯನ್ನು ಕಾಯುವುದಿಲ್ಲ, ಬಡ್ಡಿಯವನನ್ನು ಕಾಯುತ್ತದೆ.

ಮೂರನೆಯದಾಗಿ, ನಮ್ಮ ಹಿರಿಯರು ಲೆಕ್ಕವನ್ನು ಮರೆಮಾಚಿ ಮೇಲೆ ಬಂದರೆಂಬುದು ಇತಿಹಾಸಕ್ಕೆ ಒಗ್ಗುವುದಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನ ಏಜೆಂಟನೇ ಮನೆಬಾಗಿಲಿಗೆ, ಅಂಗಡಿಯ ಬಾಗಿಲಿಗೆ ಬಂದು ಕಟ್ಟಿಸಿಕೊಂಡು ಹೋಗುತ್ತಿದ್ದ. ಇದನ್ನು ನಾವೆಲ್ಲ ಉಳಿತಾಯದ ಯೋಜನೆ ಎಂದೇ ಹೊಗಳುತ್ತ ಬಂದಿದ್ದೇವೆ. ಅದರ ಇನ್ನೊಂದು ಗುಣವನ್ನು ಗಮನಿಸಿದವರು ಕಡಿಮೆ. ದಿನವೂ ಅಂಗಡಿಯ ಮುಂದೆ ನಿಲ್ಲುವ ಏಜೆಂಟನಿಗೆ ಯಾರ ವ್ಯಾಪಾರ ಏರುತ್ತಿದೆ, ಯಾರದು ಇಳಿಯುತ್ತಿದೆ, ಮಳೆಗಾಲದಲ್ಲಿ ಯಾರು ತಪ್ಪಿಸುತ್ತಾರೆ, ಯಾರು ತಪ್ಪಿಸುವುದಿಲ್ಲ ಎಂಬುದು ಗೊತ್ತಿರುತ್ತಿತ್ತು. ಪಿಗ್ಮಿ ಪುಸ್ತಕವೆಂದರೆ ಬಡವನ ನಡತೆಯ ದಾಖಲೆ. ಆಸ್ತಿಯಿಲ್ಲದವನೂ ನಡತೆಯನ್ನು ತೋರಿಸಿ ಸಾಲ ಕೇಳಬಹುದೆಂಬ ವಿಚಾರ ನಮಗೆ ಪರದೇಶದಿಂದ ಬಂದ ಹೊಸ ವಿಚಾರವಲ್ಲ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ವಿಚಾರ ವಿಲೀನವಾಗಬೇಕಾಗಿಲ್ಲ. ಇಂದಿನ ಯುಪಿಐ ದಾಖಲೆ, ಜಿಎಸ್‌ಟಿ ದಾಖಲೆ ಎಲ್ಲವೂ ಆ ಪಿಗ್ಮಿ ಪುಸ್ತಕದ ಮೊಮ್ಮಕ್ಕಳೇ.

ವ್ಯತ್ಯಾಸ ಒಂದಿದೆ, ಅದು ದೊಡ್ಡದು. ಪಿಗ್ಮಿ ಏಜೆಂಟನಿಗೆ ಅಂಗಡಿಯವನ ಮುಖ ಗೊತ್ತಿತ್ತು. ಇಂದಿನ ಯಂತ್ರಕ್ಕೆ ಅಂಕಿ ಮಾತ್ರ ಗೊತ್ತು. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ ಹಣವಲ್ಲ. ತಮ್ಮ ಕಳುಹಿಸಿದ ಹಣವಿರಬಹುದು, ಚೀಟಿ ಎತ್ತಿದ ಹಣವಿರಬಹುದು, ಕೈಗಡ ಹಿಂತಿರುಗಿದ್ದಿರಬಹುದು. ಥರ್ಮಾಮೀಟರು ಜ್ವರದ ಅಳತೆಯನ್ನು ಹೇಳುತ್ತದೆ, ರೋಗದ ಹೆಸರನ್ನು ಹೇಳುವುದಿಲ್ಲ. ಆದ್ದರಿಂದ ಯಂತ್ರ "ಇಲ್ಲ" ಎಂದಾಗ ಏಕೆ ಇಲ್ಲ ಎಂದು ಮನುಷ್ಯನೊಬ್ಬ ಉತ್ತರ ಹೇಳಲೇಬೇಕು.

ಇನ್ನು ಬ್ಯಾಂಕಿನವರ ಕಡೆಗೆ ಬರೋಣ. ಹತ್ತು ಲಕ್ಷ ರೂಪಾಯಿಯವರೆಗೆ ಕಿರು ಉದ್ದಿಮೆಗಳಿಗೆ ಕೊಡುವ ಸಾಲಕ್ಕೆ ಒತ್ತೆ ಕೇಳಕೂಡದೆಂದು ರಿಸರ್ವ್ ಬ್ಯಾಂಕು 2010ರಲ್ಲಿಯೇ ಆದೇಶಿಸಿತು. ಸಾಲ ಯಾವ ಬಗೆಯದಾದರೂ, ಎಷ್ಟು ಮೊತ್ತದ್ದಾದರೂ, ಅರ್ಜಿಯನ್ನು ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು 2007ರಲ್ಲಿ ಹೇಳಿತು. ಓದುಗರು ತಮ್ಮ ಪರಿಚಯದ ಹತ್ತು ಜನ ಸಣ್ಣ ವ್ಯಾಪಾರಿಗಳನ್ನು ಕೇಳಿ ನೋಡಲಿ: ಒತ್ತೆ ಕೇಳದ ಬ್ಯಾಂಕು ಎಷ್ಟು ಜನರಿಗೆ ಸಿಕ್ಕಿದೆ? ಕಾರಣ ಬರೆದ ಕಾಗದ ಎಷ್ಟು ಜನರ ಕೈಗೆ ಬಂದಿದೆ? ಅರ್ಜಿಯನ್ನೇ ತೆಗೆದುಕೊಳ್ಳದೆ ಬಾಯಿಮಾತಿನಲ್ಲಿ ಸಾಗಹಾಕಿದರೆ ತಿರಸ್ಕಾರವೂ ಇಲ್ಲ, ಕಾರಣವೂ ಬೇಕಿಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂತಹದಕ್ಕೇ ಹುಟ್ಟಿತೇನೋ.

ಇಷ್ಟಾದರೂ ನನ್ನ ಮುಖ್ಯ ತಕರಾರು ಬ್ಯಾಂಕುಗಳ ಮೇಲಲ್ಲ. ಅದಕ್ಕಿಂತ ಬುಡದಲ್ಲಿರುವ ಒಂದು ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಸಣ್ಣ ಉದ್ದಿಮೆಯವನಿಗೆ ಸಾಲ ಬೇಕಾಗುವುದಾದರೂ ಏಕೆ? ವಸಯಿಯ ಗಾಲಾ ಒಂದರಲ್ಲಿ ನಾಲ್ಕು ಜನರನ್ನಿಟ್ಟುಕೊಂಡು ಯಂತ್ರದ ಬಿಡಿಭಾಗ ಮಾಡುವವನನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅವನು ಮಾಲು ಕೊಟ್ಟು ಬಿಲ್ಲು ಹಾಕಿ ಮೂರು ತಿಂಗಳಾಗಿರುತ್ತದೆ. ದೊಡ್ಡ ಕಂಪೆನಿ ಹಣ ಕೊಟ್ಟಿರುವುದಿಲ್ಲ. ಕೆಲಸದವರ ಸಂಬಳ ತಿಂಗಳಿಗೊಮ್ಮೆ ನಿಲ್ಲದೆ ಬರುತ್ತದೆ. ಕಬ್ಬಿಣದ ಅಂಗಡಿಯವನು ಉದ್ರಿ ಕೊಡುವುದಿಲ್ಲ. ಆಗ ಅವನು ತನ್ನದೇ ಹಣಕ್ಕಾಗಿ ಕಾಯುತ್ತ, ಬೇರೆಯವರ ಹಣಕ್ಕೆ ಬಡ್ಡಿ ಕಟ್ಟುತ್ತಾನೆ. ಹೆಸರಿಗೆ ಸಾಲಗಾರ ಅವನು. ನಿಜದಲ್ಲಿ ಆ ದೊಡ್ಡ ಕಂಪೆನಿಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟವನು ಅವನೇ.

ಕಾನೂನು ಇಲ್ಲವೇ? ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ದಿಮೆಗೆ ಒಪ್ಪಂದದ ಅವಧಿಯೊಳಗೆ, ಒಪ್ಪಂದ ಏನೇ ಇದ್ದರೂ 45 ದಿನ ಮೀರದಂತೆ, ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕು ಸಾರಿದ ಬ್ಯಾಂಕು ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು 2017ರಲ್ಲಿ ಸಮಾಧಾನ್ ಎಂಬ ಜಾಲತಾಣವೂ ಬಂತು. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರು ಎಲ್ಲಿಯದು? ನೀರಿನಲ್ಲಿದ್ದು ಮೊಸಳೆಯ ಮೇಲೆ ದಾವಾ ಹೂಡುವ ಧೈರ್ಯ ಎಷ್ಟು ಮೀನುಗಳಿಗಿದೆ?

ಟ್ರೆಡ್ಸ್ ಎಂಬ ಇನ್ನೊಂದು ಏರ್ಪಾಡಿದೆ. ಸಣ್ಣವನ ಬಿಲ್ಲನ್ನು ಅದರಲ್ಲಿ ಹಾಕಿ, ಖರೀದಿದಾರ ಒಪ್ಪಿದರೆ, ಬ್ಯಾಂಕುಗಳು ಪೈಪೋಟಿಯಲ್ಲಿ ವಟ್ಟ ಹಿಡಿದು ಕೂಡಲೇ ಹಣ ಕೊಡುತ್ತವೆ. ಮುಂದೆ ಖರೀದಿದಾರ ಕೈಕೊಟ್ಟರೂ ಮಾಲು ಕೊಟ್ಟವನನ್ನು ಹಿಡಿಯುವಂತಿಲ್ಲ. ಬಹಳ ಒಳ್ಳೆಯ ಏರ್ಪಾಡು. ವಾರ್ಷಿಕ ವಹಿವಾಟು 250 ಕೋಟಿ ರೂಪಾಯಿ ಮೀರಿದ ಕಂಪೆನಿಗಳೆಲ್ಲ 2025ರ ಮಾರ್ಚ್ 31ರೊಳಗೆ ಇದಕ್ಕೆ ಸೇರಬೇಕೆಂದು ಸರಕಾರ 2024ರ ನವೆಂಬರಿನಲ್ಲಿ ಆಜ್ಞೆಯನ್ನೂ ಹೊರಡಿಸಿತು. ಆದರೆ ಕೀಲಿ ಎಲ್ಲಿದೆ ನೋಡಿ: "ಖರೀದಿದಾರ ಒಪ್ಪಿದರೆ." ಸೇರುವುದು ಬೇರೆ, ಬಿಲ್ಲನ್ನು ಒಪ್ಪುವುದು ಬೇರೆ. ಬಿಲ್ಲು ಮೇಜಿನಿಂದ ಮೇಜಿಗೆ ಎಷ್ಟು ನಿಧಾನವಾಗಿ ನಡೆಯಬಲ್ಲದೆಂಬುದನ್ನು ಗುಮಾಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿಯೇ ಮಾಹಿತಿಯ ಹಂಚಿಕೆಯ ನಿಜವಾದ ಪರೀಕ್ಷೆ ಇರುವುದು. ಬಿಲ್ಲಿನ ದಿನಾಂಕ ಜಿಎಸ್‌ಟಿಯ ದಾಖಲೆಯಲ್ಲಿದೆ. ಹಣ ಬಂದ ದಿನಾಂಕ ಬ್ಯಾಂಕಿನ ದಾಖಲೆಯಲ್ಲಿದೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಯಾವ ಕಂಪೆನಿ ಎಷ್ಟು ದಿನ ಸತಾಯಿಸಿತು ಎಂಬುದು ತಿಳಿಯುತ್ತದೆ. ಈ ಕಳೆಯುವ ಲೆಕ್ಕವನ್ನು ಮೂರನೆಯ ತರಗತಿಯ ಹುಡುಗನೂ ಮಾಡಬಲ್ಲ. ಚಹಾದಂಗಡಿಯ ನಾಲ್ಕು ವರ್ಷದ ಚಿಲ್ಲರೆಯನ್ನು ಕೂಡಿಸಬಲ್ಲ ಯಂತ್ರಗಳು ಈ ಒಂದು ವ್ಯವಕಲನವನ್ನು ಮಾಡಲಾರವೇ? ಮಾಡಬಲ್ಲವು. ಮಾಡಿ ಎಂದು ಹೇಳಿದವರಿಲ್ಲ, ಅಷ್ಟೇ.

45 ದಿನ ಮೀರಿದ ಬಾಕಿಯ ವಿವರವನ್ನು ಕಂಪೆನಿಗಳು ಆರು ತಿಂಗಳಿಗೊಮ್ಮೆ ಸರಕಾರಕ್ಕೆ ಸಲ್ಲಿಸಬೇಕೆಂಬ ನಿಯಮ 2019ರಿಂದ ಇದೆ. ಸಲ್ಲಿಸಿದ್ದು ಸರಕಾರದ ಕಡತಕ್ಕೆ ಸೇರುತ್ತದೆ. ಯಾವ ಕಂಪೆನಿಗೆ ಮಾಲು ಕೊಡಬಹುದು, ಯಾವುದಕ್ಕೆ ಕೊಟ್ಟರೆ ಮುಳುಗಿದಂತೆ ಎಂದು ಗಾಲಾದವನು ಮೊಬೈಲಿನಲ್ಲಿ ಹೆಸರು ಹಾಕಿ ಸುಲಭವಾಗಿ ನೋಡುವ ಹಾಗೆ ಅದನ್ನು ಹರಡಿಟ್ಟಿಲ್ಲ. ಬ್ರಿಟನ್ನಿನಲ್ಲಿ 2017ರಿಂದ ದೊಡ್ಡ ಕಂಪೆನಿಗಳು ವರ್ಷಕ್ಕೆ ಎರಡು ಬಾರಿ ತಾವು ಬಿಲ್ಲುಗಳನ್ನು ಸರಾಸರಿ ಎಷ್ಟು ದಿನಗಳಲ್ಲಿ ತೀರಿಸುತ್ತೇವೆ ಎಂಬುದನ್ನು ಸರಕಾರದ ಜಾಲತಾಣದಲ್ಲಿ ಪ್ರಕಟಿಸಬೇಕು. ಯಾರು ಬೇಕಾದರೂ ಅದನ್ನು ಬಿಟ್ಟಿಯಾಗಿ ನೋಡಬಹುದು. ತಡಮಾಡುವವರು ಅಲ್ಲಿಯೂ ಇದ್ದಾರೆ, ಆದರೆ ಹೆಸರಿನ ಸಮೇತ ಇದ್ದಾರೆ. ನಮ್ಮಲ್ಲಿ ಹೆಸರು ಹಾಳಾಗುವುದು ಒಂದು ಕಂತು ತಪ್ಪಿಸಿದ ಸಣ್ಣವನದು ಮಾತ್ರ. ಅವನ ಕಂತು ತಪ್ಪಿದ್ದು ಯಾರು ಹಣ ಕೊಡದೆ ಹೋದದ್ದರಿಂದ ಎಂಬುದು ಅವನ ಸಾಲದ ಚರಿತ್ರೆಯ ವರದಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಮೂರು. ಮೂರೂ ಕಾನೂನಿನ ದಾರಿಯಲ್ಲಿಯೇ ಇವೆ.

ಒಂದು, ಒಪ್ಪಿಗೆ ಎಂದರೆ ಅರ್ಥವಾದ ಒಪ್ಪಿಗೆ. ಇಂಗ್ಲಿಷಿನಲ್ಲಿ ಇರುವೆಯ ಸಾಲಿನಂತಹ ಅಕ್ಷರಗಳ ಕೆಳಗೆ ಒಂದು ಗುಂಡಿ ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ. ವೈಯಕ್ತಿಕ ಮಾಹಿತಿಯನ್ನು ಕುರಿತ 2023ರ ಕಾಯ್ದೆ, ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕೆಂದು ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಒಪ್ಪಿಗೆಗೆ ಸಂಬಂಧಿಸಿದ ವಿಧಿಗಳ ಜಾರಿಗೆ ಹದಿನೆಂಟು ತಿಂಗಳ ಗಡುವು ಕೊಡಲಾಯಿತು. ಗಡುವನ್ನು ಕಾಯದೆ ಬ್ಯಾಂಕುಗಳು ಈಗಲೇ ಮಾಡಲಿ. ಮುಂಬಯಿಯಲ್ಲಿ ಕನ್ನಡಿಗ ಕನ್ನಡದಲ್ಲಿ, ತಮಿಳ ತಮಿಳಿನಲ್ಲಿ ಓದಿ ಒಪ್ಪುವಂತಾಗಲಿ. ಸಾಲಕ್ಕೆಂದು ಪಡೆದ ಮಾಹಿತಿ ಸಾಲದ ಮೇಜನ್ನು ಬಿಟ್ಟು ಬೇರೆಲ್ಲಿಯೂ ಹೋಗದಿರಲಿ.

ಎರಡು, ಲೆಕ್ಕ ಪಡೆದವನು ಉತ್ತರ ಕೊಡಲಿ. ವ್ಯಾಪಾರಿಯ ಖಾತೆಯನ್ನು ಒಪ್ಪಿಗೆಯ ಮೂಲಕ ತರಿಸಿಕೊಂಡ ಬ್ಯಾಂಕು ಗೊತ್ತಾದ ದಿನಗಳೊಳಗೆ ಹೌದು ಎನ್ನಬೇಕು, ಇಲ್ಲವೇ ಕಾರಣ ಬರೆದು ಇಲ್ಲ ಎನ್ನಬೇಕು. ತೆರೆದ ಪುಸ್ತಕಕ್ಕೆ ಮುಚ್ಚಿದ ಬಾಯಿ ಉತ್ತರವಾಗಲಾರದು.

ಮೂರು, ಇದೇ ಎಲ್ಲಕ್ಕಿಂತ ಮುಖ್ಯ, ದೊಡ್ಡ ಖರೀದಿದಾರರು ಎಷ್ಟು ದಿನಕ್ಕೆ ಹಣ ಕೊಡುತ್ತಾರೆಂಬುದು ಹೆಸರು ಹೆಸರಾಗಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗಲಿ. ಖಾಸಗಿಯವರು, ಸರಕಾರಿ ಉದ್ಯಮಗಳು ಎಂಬ ಭೇದ ಬೇಡ. ಇದು ಯಾರ ಸಂಸಾರದ ಗುಟ್ಟೂ ಅಲ್ಲ. ಕಾಯ್ದೆ ವಿಧಿಸಿದ ಕರ್ತವ್ಯದ ಪಾಲನೆಯ ಲೆಕ್ಕ. ಬಡವನ ಚಹಾ ವ್ಯಾಪಾರ ಗುಟ್ಟಲ್ಲವಾದರೆ ಇದು ಹೇಗೆ ಗುಟ್ಟಾದೀತು?

"ಇದೆಲ್ಲ ದಿಲ್ಲಿಯಲ್ಲಿ ಆಗಬೇಕಾದ ಕೆಲಸ, ನಮ್ಮ ಸಂಘವೇನು ಮಾಡೀತು?" ಎಂದು ಕೇಳುವವರಿರಬಹುದು. ನಾವು ಮಾಡಬಹುದಾದದ್ದು ಬೇಕಾದಷ್ಟಿದೆ. ಮುಂಬಯಿಯ ಕನ್ನಡ ಸಂಘಗಳಲ್ಲಿ ಬ್ಯಾಂಕುಗಳಿಂದ ನಿವೃತ್ತರಾದ ಮಹನೀಯರಿಗೇನೂ ಕೊರತೆಯಿಲ್ಲ. ತಿಂಗಳಿಗೊಂದು ಭಾನುವಾರ ಅವರಲ್ಲಿ ಇಬ್ಬರು ಸಂಘದ ಕೊಠಡಿಯಲ್ಲಿ ಎರಡು ಗಂಟೆ ಕುಳಿತರೆ ಸಾಕು. ನೋಂದಣಿಯಿಲ್ಲದವನಿಗೆ ಉದ್ಯಮ್ ನೋಂದಣಿ ಮಾಡಿಸಿಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಸಾಲದ ಚರಿತ್ರೆಯ ಪೂರ್ಣ ವರದಿಯನ್ನು ಆ ಸಂಸ್ಥೆಗಳು ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಕೊಡಬೇಕೆಂಬ ನಿಯಮವಿದೆ. ಅದನ್ನು ತೆಗೆಸಿ ತಪ್ಪುಗಳಿದ್ದರೆ ತೋರಿಸಬಹುದು. ದೂರು ಕೊಟ್ಟು 30 ದಿನ ಕಳೆದರೂ ತಪ್ಪು ಇತ್ಯರ್ಥವಾಗದಿದ್ದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರಲ್ಲಿ ಜಾರಿಗೆ ಬಂದಿದೆ. ಬಾಯಿಮಾತಿನಲ್ಲಿ ಸಾಗಹಾಕಿದ ಬ್ಯಾಂಕಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿಸಿ, ಬರವಣಿಗೆಯಲ್ಲಿಯೇ ಉತ್ತರ ಕೇಳಬಹುದು. ಒಂದು ಕಾಗದ ಒಳಗೆ ಬಂದು ಕ್ರಮಸಂಖ್ಯೆ ಬಿದ್ದರೆ ಯಾವ ಕಚೇರಿಯೂ ಅದನ್ನು ಸುಲಭವಾಗಿ ಮರೆಯಲಾರದು. ಇದು ನನ್ನ ನೌಕರಿ ನನಗೆ ಕಲಿಸಿದ ಪಾಠ.

ನಾಟಕ, ಯಕ್ಷಗಾನ, ರಾಜ್ಯೋತ್ಸವ ಎಲ್ಲವೂ ನಮಗೆ ಬೇಕು. ಅವುಗಳ ಸ್ಮರಣಸಂಚಿಕೆಗೆ ಜಾಹೀರಾತು ಕೊಡುವವರು ಯಾರು? ನಮ್ಮ ಸಣ್ಣ ಹೋಟೆಲಿನವರು, ಮುದ್ರಣಾಲಯದವರು, ಕ್ಯಾಟರಿಂಗಿನವರು, ಗಾಲಾದವರು. ವರ್ಷವಿಡೀ ಅವರ ಹತ್ತಿರ ವಂತಿಗೆ ಕೇಳಲು ಹೋಗುವ ನಾವು, ಅವರ ಅರ್ಜಿಯೊಂದನ್ನು ಬರೆದುಕೊಡಲು ವರ್ಷಕ್ಕೆ ಹನ್ನೆರಡು ಭಾನುವಾರ ಕೂರಬಾರದೇ? ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಈ ಮೂಲಕ ಕೋರುತ್ತೇನೆ. ಮೊದಲನೆಯ ಭಾನುವಾರಕ್ಕೆ ಬರವಣಿಗೆಯ ಕೆಲಸ ನನಗಿರಲಿ.